ಎರಡನೇ ಬಟನ್ನಿನಲ್ಲಿದ್ದ ಹೆಂಡತಿ

ಗೋಕಾಕದ ನಮ್ಮ ಮನೆಯಲ್ಲಿ ಮಿಸ್ ಕಾಲ್ ಎನ್ನುವುದು ಒಂದು ಶಾಸ್ತ್ರ. ಹೊರಗೆ ಹೋದವರು ಊರು ಮುಟ್ಟಿದ ಕೂಡಲೇ ಒಂದು ರಿಂಗ್ ಕೊಟ್ಟು ಕಟ್ ಮಾಡಬೇಕು. ಮನೆಯಲ್ಲಿದ್ದವರು ಅದನ್ನು ಎತ್ತದೆ, ತಿರುಗಿ ಒಂದು ರಿಂಗ್ ಕೊಡಬೇಕು. ಮೊದಲನೆಯದರ ಅರ್ಥ ‘ಮುಟ್ಟಿದೆ’. ಎರಡನೆಯದರ ಅರ್ಥ ‘ತಿಳಿಯಿತು, ಇಲ್ಲಿ ನಾನೂ ಆರಾಮ’. ಮಾತಿಗೆ ದುಡ್ಡು ಬೀಳುತ್ತಿದ್ದ ಕಾಲದಲ್ಲಿ ಶುರುವಾದ ಈ ಪದ್ಧತಿಯನ್ನು, ಮಾತು ಪುಕ್ಕಟೆಯಾದ ಮೇಲೂ ನಾನು ಮತ್ತು ನನ್ನ ಹೆಂಡತಿ ಬಿಟ್ಟಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನಾವು ಜಗಳವಿಲ್ಲದೆ ನಡೆಸಿಕೊಂಡು ಬಂದ ಸಂಭಾಷಣೆ ಅದೊಂದೇ.

ಈ ಶಾಸ್ತ್ರಕ್ಕೆ ಬೇಕಾದ ಸಲಕರಣೆ ಬಟನ್ ಫೋನು. ನನ್ನದರಲ್ಲಿ ಎರಡನ್ನು ಒತ್ತಿ ಹಿಡಿದರೆ ಹೆಂಡತಿ, ಮೂರನ್ನು ಒತ್ತಿ ಹಿಡಿದರೆ ಮಗ, ನಾಲ್ಕಕ್ಕೆ ಗ್ಯಾಸ್ ಸಿಲಿಂಡರಿನವನು. ನೋಡದೆಯೇ ಬೆರಳಿಗೆ ಸಿಗುತ್ತಿದ್ದರು. ಯಾರ ನಂಬರನ್ನೂ ನೆನಪಿಟ್ಟುಕೊಳ್ಳುವ ಪ್ರಸಂಗ ನನಗೆ ಬರಲೇ ಇಲ್ಲ.

ಮಗ ಮೂಡಲಗಿಯಲ್ಲಿ ಮಾಸ್ತರ. ನಾನು ನಾಲ್ಕು ಜನರೆದುರು ಆ ಫೋನು ತೆಗೆದರೆ ಅವನ ಮುಖ ಸಣ್ಣದಾಗುತ್ತಿತ್ತು. ಕಳೆದ ಮಳೆಗಾಲದ ಒಂದು ಮುಂಜಾನೆ ಹೊಸ ಸ್ಮಾರ್ಟ್‌ಫೋನ್ ಒಂದನ್ನು ನನ್ನ ಕೈಗಿಟ್ಟು, ಶಾಲೆಗೆ ಹೊರಡುವ ಗಡಿಬಿಡಿಯಲ್ಲೇ ಹಳೆಯದರ ಸಿಮ್ಮು ಕಿತ್ತು ಅದಕ್ಕೆ ಹಾಕಿದ. ಹಳೆಯದನ್ನು ನಾನೇ ತಕ್ಕ ಗೌರವದಿಂದ ಕಪಾಟಿನಲ್ಲಿ, ಇಸ್ತ್ರಿ ಮಾಡಿದ ಧೋತರದ ಮೇಲೆ ಮಲಗಿಸಿದೆ.

“ಹೆಸರು, ನಂಬರ್ ಎಲ್ಲಾ ಸಂಜಿಗೆ ಬಂದು ಹಾಕ್ತೇನಪ್ಪಾ. ಅಲ್ಲೀತನಾ ಗುರ್ತಿಲ್ಲದ ನಂಬರ್ ಬಂದ್ರ ಎತ್ತಬ್ಯಾಡ. ಒಂದ ರಿಂಗ್ ಕೊಟ್ಟು ಕಟ್ ಮಾಡ್ತಾರಲ್ಲ, ಅವರಂತೂ ಪಕ್ಕಾ ಕಳ್ಳರು. ತಿರುಗಿ ಹಚ್ಚಿದ್ರ ಬ್ಯಾಂಕಿನ್ಯಾಗಿಂದು ಎಲ್ಲಾ ಸ್ವಚ್ಛ. ಇಲ್ಲಿ ಒತ್ತು, ಹಿಂಗ ಬ್ಲಾಕ್ ಮಾಡು.”

“ಮತ್ತ ನಾ ಯಾರಿಗರ ಹಚ್ಚೂದು ಹೆಂಗ?”

“ಅದನ್ನ ಸಂಜಿಗೆ ಕಲಸ್ತೇನಿ.”

ಹೀಗೆ ಆ ಮಹಾಯಂತ್ರದಲ್ಲಿ ನನಗೆ ಪೂರ್ತಿ ಬರುತ್ತಿದ್ದ ವಿದ್ಯೆ ಬ್ಲಾಕ್ ಮಾಡುವುದೊಂದೇ.

ಅದೇ ದಿನ ಹೆಂಡತಿ ಹುಕ್ಕೇರಿಗೆ ಹೊರಟಿದ್ದಳು. ಮರುದಿನ ಅವಳ ತಂಗಿಯ ಮಗಳ ಕುಬಸ, ಅಂದರೆ ಸೀಮಂತ. ಹುಕ್ಕೇರಿ ದಾರಿಯ ಹೊಳೆ ಏರಿದೆ, ನಾಳೆ ಹೋದರಾಯಿತು ಎಂದೆ. “ಚೊಚ್ಚಲ ಬಸರಿಗೆ ದೊಡ್ಡವ್ವ ಮುಂಚೆ ಹೋಗಬೇಕೋ, ಎಲಿ ತಗದ ಮ್ಯಾಲೆ ಹೋಗಬೇಕೋ?” ಎಂದಳು. ಬಸ್ ಹತ್ತಿಸಿ ಬಂದೆ.

ಮಧ್ಯಾಹ್ನದ ಹೊತ್ತಿಗೆ ಹೊಸ ಫೋನು ಒಮ್ಮೆ ರಿಂಗಾಗಿ ನಿಂತಿತು. ನೋಡಿದರೆ ಬರೀ ಅಂಕಿಗಳು, ಹೆಸರಿಲ್ಲ. ಒಂದೇ ರಿಂಗ್! ದೇಶದ ಖಜಾನೆಯೇ ನನ್ನ ಕೈಯಲ್ಲಿದೆಯೇನೋ ಎಂಬಷ್ಟು ಗಾಂಭೀರ್ಯದಿಂದ ಆ ಕಳ್ಳನನ್ನು ಬ್ಲಾಕ್ ಮಾಡಿ, ಹೆಂಡತಿಯ ಮಿಸ್ ಕಾಲಿಗೆ ಕಾಯುತ್ತ ಕುಳಿತೆ.

ಬರಲಿಲ್ಲ. ಬಾಜೂ ಟೇಲರ್ ಅಂಗಡಿಗೆ ಹೋಗಿ ನಿಂತೆ. ಟೇಲರ್ ಹೊಲಿಗೆಯಿಂದ ತಲೆ ಎತ್ತದೆ ಹೇಳಿದ: “ಲೋಳಸೂರ ಸೇತುವಿಗೆ ನೀರ ತಾಗಾಕತ್ತೈತಂತರಿ. ಯಾವುದೋ ಬಸ್ ನಡುವ ಸಿಕ್ಕೊಂಡೈತಂತ.”

“ಯಾವ ಬಸ್ಸೋ?”

“ಬಸ್ಸಂದ್ರ ಬಸ್ಸರಿ, ಅಣ್ಣಾರ. ವೈನಿಗೆ ಒಂದ ಫೋನ್ ಹಚ್ಚಬಾರದ?”

“ನಂಬರ್ ಗೊತ್ತಿಲ್ಲೋ.”

ಆಗ ಮಷಿನ್ ನಿಂತಿತು. “ನಿಮ್ಮ ಹೆಂಡ್ತಿ ನಂಬರ್ ನಿಮಗ ಗೊತ್ತಿಲ್ಲ? ಮತ್ತ ನನಗ ಗೊತ್ತಿರಬೇಕೇನ್ರಿ?”

ಗಾಜಿನ ಮೇಲೆ ಎರಡನ್ನು ಒತ್ತಿದೆ, ಒತ್ತಿ ಹಿಡಿದೆ, ಮತ್ತೆ ಮತ್ತೆ ಒತ್ತಿದೆ. ಎರಡುಗಳ ಒಂದು ಸಾಲು ಮೂಡಿತು, ಹೆಂಡತಿ ಮೂಡಲಿಲ್ಲ. ಮಗನೂ ಮೂರರಲ್ಲಿ ಇರಲಿಲ್ಲ. ಕೈಯಲ್ಲಿ ಇಡೀ ಜಗತ್ತನ್ನು ತೋರಿಸುವ ಯಂತ್ರ ಹಿಡಿದುಕೊಂಡು, ಹುಕ್ಕೇರಿಯಲ್ಲಿ ಒಬ್ಬಳು ಇದ್ದಾಳೋ ಇಲ್ಲವೋ ತಿಳಿಯದೆ ನಿಂತಿದ್ದೆ.

ಕಪಾಟು ನೆನಪಾದದ್ದು ಆಮೇಲೆ. ಹಳೆಯ ಫೋನಿಗೆ ಇನ್ನೂ ಜೀವವಿತ್ತು. ಸಿಮ್ಮಿಲ್ಲದಿದ್ದರೂ ಹೆಸರುಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಕುಳಿತಿದ್ದವು. ಅದರಲ್ಲಿ ನೋಡಿ ಇದರಲ್ಲಿ ಒಂದೊಂದೇ ಅಂಕಿ ಒತ್ತಿದೆ. ಕೊನೆಯ ಅಂಕಿಯಾದ ಮೇಲೆ, ಹಳೆಯದರ ಹಾಗೆ ಹಸಿರು ಗುರುತು ಒತ್ತಿದ ಕೂಡಲೇ ಪರದೆ ತಾನಾಗಿಯೇ ಹೇಳಿತು: ಇದು ನೀವು ಬ್ಲಾಕ್ ಮಾಡಿದ ನಂಬರ್.

ಆಗಲೇ ಅವಳು ಎತ್ತಿಬಿಟ್ಟಿದ್ದಳು. “ರೀ... ಜೀವಾ ಐತಿಲ್ಲೋ?”

“ಐತಿ.”

“ಮತ್ತ ತಿರುಗಿ ರಿಂಗ್ ಯಾಕ ಕೊಡಲಿಲ್ಲ? ಎಷ್ಟ ಸರ್ತಿ ಹಚ್ಚಿದ್ರೂ ಬರೇ ಬಿಜಿ. ಎದಿ ಹಿಡಕೊಂಡು ಬಿದ್ದೀರೇನೋ ಅಂತ ಹೊಳ್ಳಿ ಬರಾಕತ್ತೇನಿ. ಬಸ್ಸಿನ್ಯಾಗ ಅದೇನಿ.”

“ಎಲ್ಲಿ ಅದಿ? ಸೇತುವಿ ದಾಟಬ್ಯಾಡ...”

ಕಟ್ಟಾಯಿತು. ಆಮೇಲೆ ಹಚ್ಚಿದಾಗಲೆಲ್ಲ ‘ಸಂಪರ್ಕಕ್ಕೆ ಸಿಗುತ್ತಿಲ್ಲ’.

ಬಸ್ ಸ್ಟ್ಯಾಂಡಿನಲ್ಲಿ ನಿಂತ ಆ ಹೊತ್ತನ್ನು ವರ್ಣಿಸಲಾರೆ. ಮೊದಲು ಹೆದರಿದ್ದು ಹೊಳೆಗೆ. ಈಗ ಹೆದರಿಕೆ ಬೇರೆಯೇ ಇತ್ತು: ಅವಳು ಕ್ಷೇಮವಾಗಿ ಮುಟ್ಟಿ, ತಂಗಿಯ ಮನೆಯಲ್ಲಿ ಚಹಾ ಕುಡಿಯುತ್ತ ಕೂಡಬೇಕಾದವಳು. ಅವಳನ್ನು ನೀರಿನ ಕಡೆಗೆ ಹೊಳ್ಳಿಸಿದ್ದು ನನ್ನ ಹೆಬ್ಬೆರಳು. ಹುಕ್ಕೇರಿಯ ಬೋರ್ಡು ಹೊತ್ತ ಬಸ್ಸು ಒಂದು ಬಂತು, ಅದರಲ್ಲಿ ಅವಳಿರಲಿಲ್ಲ. ಕಂಡಕ್ಟರನನ್ನು ಕೇಳಿದರೆ, “ಹಿಂದೊಂದ ಬಸ್ ಐತ್ರಿ, ಸೇತುವಿ ಮ್ಯಾಲೆ ಪೊಲೀಸ್ರು ಬಿಟ್ರ ಬರತೈತಿ” ಎಂದ. ಬಿಟ್ಟರೆ!

ಬಿಟ್ಟರು. ದೀಪ ಹಚ್ಚುವ ಹೊತ್ತಿಗೆ ಬಸ್ಸು ಬಂತು. ಇಳಿದವಳು ಚೀಲ ಕೆಳಗಿಟ್ಟು, ನನ್ನನ್ನು ಮೇಲಿಂದ ಕೆಳಗಿನತನಕ ನೋಡಿದಳು.

“ಆರಾಮ ಅದೀರಿ?”

“ಅದೇನಿ.”

“ಹಂಗಾರ ನಾ ಯಾಕ ಬಂದೆ?”

ಚೀಲ ಎತ್ತಿಕೊಂಡು, ಮನೆ ಮುಟ್ಟುವಷ್ಟರಲ್ಲಿ ಬ್ಲಾಕ್ ಮಾಡಿದ ಕಳ್ಳನ ಕತೆ, ನಂಬರ್ ಗೊತ್ತಿಲ್ಲದ ಕತೆ ಎರಡನ್ನೂ ಒಪ್ಪಿಸಿದೆ.

ರಾತ್ರಿ ಮಗ ಸಿಮ್ಮನ್ನು ಹಳೆಯ ಫೋನಿಗೆ ಹಾಕಿಕೊಟ್ಟ. ಮುಂಜಾನೆ ನೀರು ತುಸು ಇಳಿದಿತ್ತು, ಅವಳು ಮತ್ತೆ ಹೊರಟಳು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

“ನನ್ನ ನಂಬರ್ ಹೇಳ್ರಿ.”

“ಇಲ್ಲೆ?”

“ಇಲ್ಲೇ. ಬಾಯಿಲೆ.”

ರಾತ್ರಿ ಬಾಯಿಪಾಠ ಮಾಡಿದ್ದನ್ನು ಶುರು ಮಾಡಿದೆ. ನಡುವೆ ಒಂದು ಕಡೆ ತೊಡರಿತು. ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಕಂಡಕ್ಟರ್ ಸೀಟಿ ಬಾಯಿಂದ ತೆಗೆದು, “ಹೇಳ್ರಿ ಮಾಮಾ, ಗಾಡಿ ಬಿಡಬೇಕ್ರಿ” ಎಂದ. ಮತ್ತೆ ಮೊದಲಿಂದ ಹೇಳಿ ಮುಗಿಸಿದೆ. ಆಮೇಲೇ ಅವಳು ಇನ್ನೊಂದು ಕಾಲನ್ನು ಮೇಲಿಟ್ಟದ್ದು.

ಮನೆಗೆ ಬಂದು ಫೋನು ಮುಂದಿಟ್ಟುಕೊಂಡು ಕುಳಿತೆ. ಬಹಳ ಹೊತ್ತಾದ ಮೇಲೆ ಒಂದು ರಿಂಗ್ ಬಂತು. ಎತ್ತಲಿಲ್ಲ. ಎರಡನ್ನು ಒತ್ತಿ ಹಿಡಿದೆ. ಅತ್ತ ಅದು ರಿಂಗಾಗುವವರೆಗೆ, ಯಾವುದಕ್ಕೂ ಇರಲಿ ಎಂದು, ಅವಳ ನಂಬರನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಇದ್ದೆ.