ಅಳು ಕೇಳಿಸದ ಕರೆ

ಕಾಗೆ ನನ್ನ ತಲೆಗೆ ಹೊಡೆದ ದಿನ ನಾನು ಸ್ವಲ್ಪ ಹೊತ್ತು ಸತ್ತಿದ್ದೆ. ಇದನ್ನು ಆಫೀಸಿನಲ್ಲಿ ತಮಾಷೆಯಾಗಿ ಹೇಳಿದ್ದೇನೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಮನೆಯಲ್ಲಿ ಮಾತ್ರ ಆ ವಿಷಯವನ್ನು ಯಾರೂ ಎತ್ತುವುದಿಲ್ಲ.

ನನ್ನ ಕೆಲಸ ಮೊಬೈಲ್ ನೆಟ್‌ವರ್ಕ್ ಸುಧಾರಿಸುವುದು. ಹಾಗೆಂದ ತಕ್ಷಣ ಜನ ತಮ್ಮ ಏರಿಯಾಕ್ಕೆ ಇನ್ನೊಂದು ಟವರ್ ಹಾಕಿಸಿ ಎನ್ನುತ್ತಾರೆ. ನಿಮ್ಮ ತಾರಸಿಯ ಮೇಲೇ ಹಾಕೋಣವೇ ಎಂದರೆ ಮುಖ ಹುಳ್ಳಗೆ ಮಾಡುತ್ತಾರೆ. ನಾನು ಟವರ್ ಹಾಕುವವನಲ್ಲ. ಇರುವ ಟವರಿನಿಂದಲೇ ಇನ್ನಷ್ಟು ಜನರ ಮಾತು, ವಿಡಿಯೋ, ಜಗಳ ಎಲ್ಲವನ್ನೂ ಹೊರಿಸುವವನು. ಗಾಳಿಯಲ್ಲಿ ತರಂಗಗಳಿಗೆಂದು ಕಂಪನಿಗೆ ಸಿಕ್ಕಿರುವ ಜಾಗ ಇಷ್ಟೇ, ಪಕ್ಕಕ್ಕೆ ಒತ್ತುವರಿ ಮಾಡುವಂತಿಲ್ಲ. ಬೆಂಗಳೂರಿನ ವಿಜಯನಗರದವರು ಸಣ್ಣ ಸೈಟಿನಲ್ಲೇ ಮಹಡಿಯ ಮೇಲೆ ಮಹಡಿ ಎಬ್ಬಿಸಿ ಬಾಡಿಗೆಗೆ ಕೊಡುವ ಹಾಗೆ ನಾವೂ ಇದ್ದುದರಲ್ಲೇ ತುರುಕಬೇಕು.

ಅಲ್ಲಿಯ ಮಾರ್ಕೆಟ್ಟಿನ ಹಿಂದೆ, ಹಳೆಯ ಕಟ್ಟಡವೊಂದರ ತಾರಸಿಯ ಮೇಲೆ ನಮ್ಮದೊಂದು ಟವರ್ ಇದೆ. ಅದಕ್ಕೆ ಮೂರು ದಿಕ್ಕಿಗೆ ಮೂರು ಮುಖ. ಮಾರ್ಕೆಟ್ ಕಡೆಗಿನ ಮುಖ ನನ್ನನ್ನು ತಿಂಗಳುಗಟ್ಟಲೆ ಕಾಡಿತ್ತು. ಸಂಜೆ ಜನ ಹೆಚ್ಚಿದಂತೆ ಅದರ ಕಿವಿಯಲ್ಲಿ ಒಂದು ಗದ್ದಲ ಏಳುತ್ತಿತ್ತು. ಮಾತಿನ ಮಧ್ಯೆ ಒಬ್ಬರ ದನಿ ಮಾಯವಾಗುವುದು, ಆ ಕಡೆಯವರು ಹಲೋ ಹಲೋ ಎಂದು ಕೂಗಿಕೊಳ್ಳುವುದು, ಕರೆ ಕಟ್ಟಾಗುವುದು. ಕಂಪ್ಯೂಟರಿನಲ್ಲಿ ಕೂತು ಮಾಡುವ ಮದ್ದನ್ನೆಲ್ಲ ಮಾಡಿ ನೋಡಿದ್ದೆ. ಆಂಟೆನಾದ ಹತ್ತಿರ ತುಕ್ಕು ಹಿಡಿದ ಕಬ್ಬಿಣವಿದ್ದರೆ ಹೀಗಾಗುತ್ತದೆ. ಟವರ್ ಹೊರಗೆ ಕಳಿಸಿದ್ದೇ ಆ ಕಬ್ಬಿಣಕ್ಕೆ ತಾಗಿ ಹಾಳಾಗಿ ಅದರ ಕಿವಿಗೇ ವಾಪಸ್ ಬಡಿಯುತ್ತದೆ. ತನ್ನದೇ ಗಲಾಟೆಯಲ್ಲಿ ಅದಕ್ಕೆ ಜನರ ಫೋನು ಕೇಳಿಸುವುದಿಲ್ಲ.

ನಮ್ಮ ಮನೆ ಅಲ್ಲಿಂದ ಎರಡೇ ಕ್ರಾಸ್ ಆಚೆ, ಅದೇ ಮುಖದ ಕೆಳಗೆ. ಅಮ್ಮ ದಿನವೂ ಚುಚ್ಚುತ್ತಿದ್ದಳು. "ಊರಿಗೆಲ್ಲ ನೆಟ್‌ವರ್ಕ್ ಸರಿ ಮಾಡ್ತೀನಿ ಅಂತೀಯ, ಅಕ್ಕನ ಹತ್ರ ಮಾತಾಡಕ್ಕೆ ನಾನು ಗೇಟ್ ಹತ್ರ ಹೋಗಿ ನಿಂತ್ಕೋಬೇಕು." ಮನೆಗೆ ವೈಫೈ ಹಾಕಿಸೋಣವೆಂದರೂ ಒಪ್ಪಲಿಲ್ಲ. ಮಗನೇ ಆ ಕೆಲಸದಲ್ಲಿರುವಾಗ ದುಡ್ಡು ಕೊಟ್ಟು ಏಕೆ ಹಾಕಿಸಬೇಕು ಎಂಬುದು ಅವಳ ವಾದ.

ಅಕ್ಕ ಎಂದರೆ ಕೆಂಗೇರಿಯ ನನ್ನ ದೊಡ್ಡಮ್ಮ. ಅಮ್ಮ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದ ವರ್ಷಗಳಲ್ಲಿ ನಾನು ಬೆಳೆದದ್ದು ದೊಡ್ಡಮ್ಮನ ಮಡಿಲಲ್ಲಿ. ಜ್ವರ ಬಂದರೆ ಇವತ್ತಿಗೂ ನನ್ನ ಬಾಯಿಗೆ ಮೊದಲು ಬರುವುದು ಅವಳ ಹೆಸರೇ. ಅಮ್ಮನಿಗೆ ಇದು ಗೊತ್ತು, ಅದಕ್ಕೆ ಬೇಜಾರೂ ಇಲ್ಲ.

ಆ ದಿನ ಬೆಳಿಗ್ಗೆ ಟವರ್ ಹತ್ತುವ ಕೆಲಸಗಾರನನ್ನೂ ಆಫೀಸಿನ ಜೊತೆಯವನೊಬ್ಬನನ್ನೂ ಕರೆದುಕೊಂಡು ತಾರಸಿಗೆ ಹೋದೆ. ಮೇಲೆ ಮನುಷ್ಯ ಇರುವಾಗ ಆಂಟೆನಾ ಆನ್ ಇರಬಾರದು. ಕಂಟ್ರೋಲ್ ರೂಮಿಗೆ ಹೇಳಿ ಆ ಮುಖವನ್ನು ಆರಿಸಿದೆವು. ಅಲ್ಲಿಯ ಜನರ ಭಾರವೆಲ್ಲ ಅಕ್ಕಪಕ್ಕದ ಟವರುಗಳ ಮೇಲೆ ಬಿತ್ತು. ಅವು ಮೊದಲೇ ತುಂಬಿ ತುಳುಕುತ್ತಿದ್ದವು.

ಆತ ಮೇಲೆ ಹೋಗಿ ಆಂಟೆನಾದ ಹಿಂದೆ ಇಣುಕಿ ನಗಲು ಶುರು ಮಾಡಿದ. "ಸಾರ್, ಕಾಗೆ ಗೂಡು ಸಾರ್. ಒಂದು ಕಡ್ಡಿ ಇಲ್ಲ, ಪೂರ್ತಿ ತಂತಿ!" ಕಟ್ಟಡ ಕೆಲಸದವರು ಬಿಸಾಡಿದ ಕಂಬಿ ಕಟ್ಟುವ ತಂತಿ, ಬಟ್ಟೆ ಹ್ಯಾಂಗರ್, ಪಾತ್ರೆ ಉಜ್ಜುವ ಉಕ್ಕಿನ ನಾರು. ಎಲ್ಲ ತುಕ್ಕು. ಬೆಂಗಳೂರಿನ ಕಾಗೆಗೆ ಈಗ ಮರದ ಕಡ್ಡಿ ಎಲ್ಲಿಂದ ಸಿಗಬೇಕು? ಒಳಗೆ ಹಸಿರು ಮಿಶ್ರಿತ ನೀಲಿಯ ಮೊಟ್ಟೆಗಳಿದ್ದವು. ಗೂಡನ್ನು ಹಾಗೇ ಇಳಿಸು, ಪಕ್ಕದ ನೀರಿನ ಟ್ಯಾಂಕಿನ ಮೇಲೆ ಇಡೋಣ ಎಂದೆ. ಅವನು ಇಳಿಸಿಕೊಟ್ಟದ್ದನ್ನು ನಾನು ಎರಡೂ ಕೈಯಲ್ಲಿ ಹಿಡಿದು ತಿರುಗಿದ್ದೇ ತಡ, ಕಾಗೆ ಹಿಂದಿನಿಂದ ಬಂದು ಬಡಿಯಿತು. ರೆಕ್ಕೆಯ ಗಾಳಿ, ನೆತ್ತಿಯ ಮೇಲೆ ಉಗುರು, ಕಿವಿಯ ಪಕ್ಕದಲ್ಲೇ ಕಿರುಚಾಟ. ಸ್ವಲ್ಪ ರಕ್ತವೂ ಬಂತು.

ಕೆಲಸಗಾರನ ನಗು ನಿಂತುಹೋಯಿತು. "ಮನೆ ಹತ್ರಾನೇ ಅಲ್ವಾ ಸಾರ್? ತಲೆಗೆ ಸ್ನಾನ ಮಾಡ್ಕೊಂಡ್ ಬಂದ್ಬಿಡಿ. ಹಿಂಗೇ ಇರ್ಬೇಡಿ." ಆಂಟೆನಾವನ್ನು ಕಂಬಕ್ಕೆ ಬಿಗಿಯುವ ತುಕ್ಕು ಹಿಡಿದ ಕ್ಲಾಂಪುಗಳನ್ನು ಬದಲಿಸುವ ಕೆಲಸ ಬಾಕಿಯಿತ್ತು. ಜೊತೆಯವನನ್ನು ಟವರಿನ ಕೆಳಗೆ ನಿಲ್ಲಿಸಿ ಮನೆಗೆ ಬಂದೆ.

ಅಮ್ಮನಿಗೆ ಹೇಳಬಾರದಿತ್ತು. ನೆತ್ತಿಯ ರಕ್ತ ಕಂಡು ಅವಳೇ ಬಾಯಿ ಬಿಡಿಸಿದಳು. ಕಾಗೆ ಎಂದದ್ದೇ ತಡ, ಅವಳ ಮುಖ ಬಿಳಿಚಿಕೊಂಡಿತು. ನನ್ನನ್ನು ಬಚ್ಚಲಿಗೆ ನೂಕಿ ಬಾಗಿಲು ಹಾಕಿಸಿದಳು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಕಾಗೆ ತಲೆ ಮುಟ್ಟಿದರೆ ಆ ಮನುಷ್ಯನ ಮೇಲೆ ಸಾವಿನ ಕಣ್ಣು ಬಿತ್ತೆಂದು ಲೆಕ್ಕ. ಅದನ್ನು ಕಳೆಯಬೇಕಾದರೆ, ಅವನ ಮೇಲೆ ಜೀವ ಇಟ್ಟುಕೊಂಡ ಒಬ್ಬರಿಗೆ ಅವನು ಸತ್ತನೆಂದು ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಿಜವಾಗಿ ಅಳಬೇಕು. ಆ ಅಳು ಬಿದ್ದರೆ ಸಾವಿಗೆ ಸಲ್ಲಬೇಕಾದದ್ದು ಸಂದ ಹಾಗೆ. ಕೂಡಲೇ ಸುಳ್ಳು ಎಂದು ಹೇಳಿ ಸಮಾಧಾನ ಮಾಡಬೇಕು. ಹಿಂದೆ ಇದಕ್ಕಾಗಿ ಆಳನ್ನು ಪಕ್ಕದ ಊರಿಗೆ ಓಡಿಸುತ್ತಿದ್ದರಂತೆ. ಈಗ ಫೋನಿದೆ.

ನಾನು ಬೈಯುತ್ತೇನೆಂದು ಅಮ್ಮನಿಗೆ ಗೊತ್ತಿತ್ತು. ನಾನು ನೀರು ಹುಯ್ದುಕೊಳ್ಳುತ್ತಿರುವಾಗಲೇ ಗೇಟಿನ ಹತ್ತಿರ ಹೋಗಿ ದೊಡ್ಡಮ್ಮನಿಗೆ ಫೋನ್ ಮಾಡಿದಳು. ಟವೆಲ್ ಸುತ್ತಿಕೊಂಡು ಹೊರಗೆ ಬಂದಾಗ ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಳು.

"ಅಕ್ಕಂಗೆ ಹೇಳ್ದೆ ಕಣೋ, ನೀನು ಹೋಗ್ಬಿಟ್ಟೆ ಅಂತ. ಆಮೇಲೆ ಏನೂ ಕೇಳಿಸ್ತಿಲ್ಲ. ಅಳ್ತಾವ್ಳೋ ಇಲ್ವೋ ಗೊತ್ತಾಗ್ಲಿಲ್ಲ. ಕಟ್ಟಾಗೋಯ್ತು."

ಅಮ್ಮನ ಮೇಲೆ ನನಗೆ ಹುಟ್ಟಿದಾಗಿನಿಂದ ಬರದಷ್ಟು ಕೋಪ ಬಂತು. ಅದರ ಹಿಂದೆಯೇ ಭಯ. ದೊಡ್ಡಮ್ಮನಿಗೆ ಹೃದಯದ ತೊಂದರೆ. ಮಗ ಸೊಸೆ ಕೆಲಸಕ್ಕೆ ಹೋಗಿರುವ ಹೊತ್ತು. ಮತ್ತೆ ಮತ್ತೆ ಒತ್ತಿದೆ, ಕರೆ ಹೋಗಲೇ ಇಲ್ಲ. ಏಕೆಂದು ನನ್ನಷ್ಟು ಚೆನ್ನಾಗಿ ಆ ಬೀದಿಯಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಟವರಿನ ನಮ್ಮ ಕಡೆಯ ಮುಖ ಆರಿತ್ತು, ಪಕ್ಕದ ಟವರುಗಳು ತುಂಬಿದ್ದವು. ಕಂಟ್ರೋಲ್ ರೂಮಿಗೂ ಫೋನ್ ಹೋಗಲಿಲ್ಲ. ಹೋಗಿದ್ದರೂ ಆನ್ ಮಾಡಿ ಎನ್ನುವಂತಿರಲಿಲ್ಲ, ಮೇಲೆ ಒಬ್ಬ ಮನುಷ್ಯನಿದ್ದ. ಶರ್ಟ್ ಸಿಕ್ಕಿಸಿಕೊಂಡು ಒದ್ದೆ ತಲೆಯಲ್ಲೇ ತಾರಸಿಗೆ ಓಡಿದೆ. ಇಳಿಯಪ್ಪಾ, ಬೇಗ ಇಳಿ ಎಂದು ಕೂಗಿದೆ. ಅವನು ಸೊಂಟದ ಬೆಲ್ಟನ್ನು ಒಂದೊಂದೇ ಕಡೆ ಬಿಚ್ಚಿ ಸಿಕ್ಕಿಸಿ ನಿಧಾನವಾಗಿ ಇಳಿದ. ಅವನು ಹಾಗೆಯೇ ಇಳಿಯಬೇಕು. ಆದರೂ ಅವನನ್ನು ಎಳೆದು ಹಾಕೋಣ ಅನ್ನಿಸಿತು.

ಜೊತೆಯವನು ಟವರಿನ ಪೆಟ್ಟಿಗೆಯಲ್ಲೇ ಸ್ವಿಚ್ ಹಾಕಿ, ಆ ಮುಖಕ್ಕೆ ಜೀವ ಬಂದ ಮೇಲೆ ಕರೆ ಹೋಯಿತು. ಗೂಡು ಹೋಗಿದ್ದರಿಂದ ಗದ್ದಲವೂ ಹೋಗಿತ್ತು. ಆ ಕಡೆ ರಿಂಗಾಗುವುದು ಎಂದೂ ಅಷ್ಟು ಚೆನ್ನಾಗಿ ಕೇಳಿಸಿರಲಿಲ್ಲ. ಯಾರೂ ಎತ್ತಲಿಲ್ಲ. ದೊಡ್ಡಮ್ಮ ಫೋನನ್ನು ಮನೆಯಲ್ಲೇ ಬಿಟ್ಟು ಹೊರಟಿರಬಹುದೆಂದು ಆಗ ನನಗೆ ಹೊಳೆಯಲಿಲ್ಲ. ಅಡುಗೆಮನೆಯ ನೆಲದ ಮೇಲೆ ಅವಳು ಬಿದ್ದಿರುವುದು, ಪಕ್ಕದಲ್ಲಿ ಫೋನು ಹೊಡೆದುಕೊಳ್ಳುವುದು ಕಣ್ಣಿಗೆ ಕಟ್ಟಿತು. ಕೆಂಗೇರಿಗೆ ಹೊರಡಲೆಂದು ಬೈಕ್ ತರಲು ಮನೆಗೆ ಬಂದೆ. ಆಗ ನಮ್ಮ ಬೀದಿಯ ತುದಿಯಲ್ಲಿ ಅವಳೇ ಬರುತ್ತಿದ್ದಳು.

ಮೆಟ್ರೋದಲ್ಲಿ ಬಂದಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಸೇವಂತಿಗೆ ಹಾರ. ನನಗೆ ಹಾಕಲು ಮಾರ್ಕೆಟ್ಟಿನಲ್ಲಿ ನಿಂತು ಕೊಂಡು ತಂದಿದ್ದಳು.

ನನ್ನನ್ನು ನೋಡಿ ನಿಂತಳು. ಕೂಗಲಿಲ್ಲ, ಓಡಿ ಬರಲಿಲ್ಲ. ನನ್ನ ಕಾಲನ್ನೇ ನೋಡಿದಳು, ಪಾದ ನೆಲ ಮುಟ್ಟಿದೆಯೇ ಎಂದು. ಆಮೇಲೆ ಹತ್ತಿರ ಬಂದು ಒದ್ದೆ ಕೂದಲಿಗೆ ಕೈ ಹಾಕಿದಳು. ಅವಳ ಬೆರಳು ತಣ್ಣಗಿದ್ದವು. ಬದುಕಿರುವವನನ್ನು ಯಾರೂ ಹಾಗೆ ಮುಟ್ಟಬಾರದು.

ಅಮ್ಮ ಗೇಟಿನಿಂದ ಓಡಿ ಬಂದು ಕೇಳಿದ ಮೊದಲ ಮಾತು ಇದು. "ಅತ್ಯಾ ಅಕ್ಕಾ? ಅತ್ತೆ ತಾನೇ?"

"ಇಲ್ಲ ಕಣೇ. ಅಳು ಬರ್ಲೇ ಇಲ್ಲ. ನೀನು ಒಬ್ಳೇ ಏನ್ ಮಾಡ್ತಿದೀಯೋ ಅಂತ ಬಂದೆ ಅಷ್ಟೇ. ದಾರಿ ಉದ್ದಕ್ಕೂ ಕಣ್ಣು ಉರೀತಾ ಇತ್ತು, ಒಂದು ಹನಿ ಬರ್ಲಿಲ್ಲ."

ಅಮ್ಮ ಬಿಕ್ಕಿ ಬಿಕ್ಕಿ ಎಲ್ಲವನ್ನೂ ಹೇಳಿದಳು. ದೊಡ್ಡಮ್ಮ ಬೈದಳು, ಕಾಫಿ ಕುಡಿದಳು, ಕೊನೆಗೆ ನಕ್ಕಳು. "ಈಗಲಾದ್ರೂ ಸ್ವಲ್ಪ ಅತ್ಬಿಡು ಅಕ್ಕಾ" ಎಂದು ಅಮ್ಮ ಬೇಡಿಕೊಂಡಳು. "ಮುಂದೆ ಕೂತವ್ನೆ, ತಿಂಡಿ ತಿಂತಾವ್ನೆ, ಹೆಂಗೇ ಅಳ್ಲಿ?" ಎಂದಳು ದೊಡ್ಡಮ್ಮ. ಹಾರವನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಹೆಣಕ್ಕೆಂದು ತಂದದ್ದನ್ನು ದೇವರಿಗೆ ಹಾಕುವಂತಿಲ್ಲ, ಕಸಕ್ಕೆ ಹಾಕಲು ಕೈ ಬರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಚೀಲದಲ್ಲೇ ಕಪ್ಪಾಗುತ್ತಾ ಬಿದ್ದಿತ್ತು.

ಟವರಿನ ಆ ಮುಖ ಅಂದಿನಿಂದ ಮೊದಲಿಗಿಂತ ಎಷ್ಟೋ ಹೆಚ್ಚು ಜನರನ್ನು ಹೊರುತ್ತಿದೆ. ಮೀಟಿಂಗಿನಲ್ಲಿ ನನ್ನನ್ನು ಹೊಗಳಿದರು. ಟ್ಯಾಂಕಿನ ಮೇಲಿಟ್ಟ ಗೂಡಿಗೆ ಕಾಗೆ ಮತ್ತೆ ಬರಲಿಲ್ಲ. ನಾನು ಆ ರಸ್ತೆಗೆ ಕಾಲಿಟ್ಟರೆ ಮಾತ್ರ ಎಲ್ಲಿದ್ದರೂ ಬಂದು ತಲೆಯ ಮೇಲೆ ಸುತ್ತುತ್ತಿತ್ತು. ಕಾಗೆಗಳು ಮುಖ ಮರೆಯುವುದಿಲ್ಲ, ಇದರಲ್ಲಿ ಪವಾಡವೇನಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಬಿಸಿಲಿನಲ್ಲೂ ಕೊಡೆ ಹಿಡಿದು ಓಡಾಡಿದೆ.

ಅಮ್ಮ ಒಳಗೊಳಗೇ ಕೊರಗಿದಳು. ಅಳು ಬೀಳಲಿಲ್ಲ, ಲೆಕ್ಕ ತೀರಲಿಲ್ಲ. ನಾನು ಬರುವುದು ತಡವಾದರೆ ಗೇಟಿನಲ್ಲಿ ನಿಂತಿರುತ್ತಿದ್ದಳು. ದೊಡ್ಡಮ್ಮ ಕೊರಗಿದ್ದು ಬೇರೆ ರೀತಿ. ದಿನವೂ ನನಗೆ ಫೋನ್ ಮಾಡತೊಡಗಿದಳು. ಊಟ ಆಯ್ತಾ ಎನ್ನುತ್ತಿರಲಿಲ್ಲ. ಎತ್ತಿದ ಕೂಡಲೇ "ಇದೀಯಾ?" ಎನ್ನುತ್ತಿದ್ದಳು. "ಇದೀನಿ ದೊಡ್ಡಮ್ಮ" ಎಂದರೆ ಇಟ್ಟುಬಿಡುತ್ತಿದ್ದಳು. ಮೊದಮೊದಲು ನಗು ಬರುತ್ತಿತ್ತು. ಬರಬರುತ್ತಾ, ಇದೀನಿ ಎನ್ನುವ ಮೊದಲು ನನ್ನ ಕೈ ತಾನಾಗಿ ನೆತ್ತಿಗೆ ಹೋಗುತ್ತಿತ್ತು. ಹೌದೋ ಅಲ್ಲವೋ ಎಂದು ನೋಡಿಕೊಂಡು ಹೇಳಬೇಕೇನೋ ಅನ್ನಿಸುತ್ತಿತ್ತು.

ಮುಂದಿನ ಮಳೆಗಾಲ ಮುಗಿಯುವ ಮೊದಲು ದೊಡ್ಡಮ್ಮ ಹೋದಳು. ಬೆಳಿಗ್ಗೆ ಹಾಸಿಗೆಯಿಂದ ಏಳಲೇ ಇಲ್ಲ. ಅವಳ ಮಗ ಅಮ್ಮನ ಫೋನಿಗೆ ಮಾಡಿದ. ಅಮ್ಮ ಗೇಟಿನ ಹತ್ತಿರ ಹೋಗಬೇಕಾಗಿರಲಿಲ್ಲ, ಈಗ ಅಡುಗೆಮನೆಯೊಳಗೂ ಸಿಗ್ನಲ್ ಪೂರ್ತಿ ಇತ್ತು. ಅಣ್ಣನ ಒಂದೊಂದು ಮಾತೂ ಬಾಗಿಲ ಬಳಿ ನಿಂತಿದ್ದ ನನಗೂ ಸ್ಪಷ್ಟವಾಗಿ ಕೇಳಿಸಿತು. ಅಮ್ಮ "ಹೂಂ" ಎಂದು ಫೋನ್ ಇಟ್ಟಳು.

"ಅಕ್ಕಂಗೆ ಕಾಗೆ ಮುಟ್ಟಿರ್ಬೇಕು ಕಣೋ" ಎಂದಳು.

ಅಮ್ಮಾ ಎಂದು ಹತ್ತಿರ ಹೋದೆ. ಅವಳು ನನ್ನ ಕೈ ತಳ್ಳಿ ನೆಲದ ಮೇಲೆ ಕೂತು, ಎದೆ ಬಡಿದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಅಪ್ಪ ಹೋದಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಒಂದು ಹನಿಯೂ ಒಳಗೆ ಉಳಿಯಬಾರದು ಎನ್ನುವ ಹಾಗೆ, ಉಸಿರು ಕಟ್ಟುವವರೆಗೆ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಫೋನನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಚೆನ್ನಾಗಿ ಅತ್ತೆ. ಸುಳ್ಳು ಅಂತ ಈಗ ಫೋನ್ ಮಾಡ್ತಾನೆ ನೋಡು" ಎಂದಳು.

ನಾನು ಅವಳ ಪಕ್ಕದಲ್ಲಿ ಕೂತೆ.