ಸೋಪಿನ ಡಬ್ಬಿಯೊಳಗಿನ ಎದೆಬಡಿತ

ನನ್ನನ್ನು ಕಂಡು ನನ್ನ ಗಂಡನ ಎದೆ ಹೊಡೆದುಕೊಂಡದ್ದನ್ನು ಇಡೀ ರಿಪ್ಪನ್‌ಪೇಟೆ ಮೈಕಿನಲ್ಲಿ ಕೇಳಿತು, ಅದರಿಂದಲೇ ನಮ್ಮ ಮದುವೆಯಾಯಿತು. ಇದು ನಮ್ಮ ಎರಡೂ ಮನೆಗಳಲ್ಲಿ ಚಾಲ್ತಿಯಲ್ಲಿರುವ ಕಥೆ. ತೀರ್ಥಹಳ್ಳಿ ಕಡೆಯ ನೆಂಟರ ಮನೆಗೆ ಹೋದರೆ ಊಟದ ಎಲೆ ಎತ್ತುವ ಮೊದಲೇ ಯಾರಾದರೊಬ್ಬರು ಶುರು ಮಾಡುತ್ತಾರೆ. ಎದೆ ಹೊಡೆದುಕೊಂಡದ್ದು ನಿಜ. ಊರು ಕೇಳಿದ್ದೂ ನಿಜ. ಆದರೆ ಎರಡು ನಿಜಗಳನ್ನು ಪಕ್ಕಪಕ್ಕ ಕೂರಿಸಿದರೆ ಮೂರನೆಯದು ತಾನಾಗಿ ಹುಟ್ಟುವುದಿಲ್ಲ. ಸಾಗರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತವಳು ನಾನು, ಇಷ್ಟಾದರೂ ಗೊತ್ತಾಗದಿದ್ದರೆ ಹೇಗೆ?

ಅವರನ್ನು ಮೊದಲು ನೋಡಿದ್ದೂ ಆ ಕಾಲೇಜಿನಲ್ಲೇ. ಬೆಂಕಿ ಬಿದ್ದಾಗ ಏನು ಮಾಡಬೇಕೆಂದು ಹೇಳಿಕೊಡಲು ಅಗ್ನಿಶಾಮಕದವರು ಬಂದಿದ್ದರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವರು ಇವರು, ತೀರ್ಥಹಳ್ಳಿ ಕಡೆಯವರು. "ಯಾರೂ ಗಾಬರಿ ಬೀಳಬಾರದು, ಓಡಬಾರದು" ಎಂದರು. ನಾನು ಎದ್ದು ನಿಂತೆ. "ಮತ್ತೆ ನೀವ್ಯಾಕೆ ಗಂಟೆ ಬಾರಿಸ್ಕೊಂಡು ಓಡಿ ಬರ್ತೀರಿ?" ಸಭೆಯೆಲ್ಲ ಘೊಳ್ಳೆಂದಿತು. ಅವರು ಹೆಲ್ಮೆಟ್ಟನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, "ನಿಧಾನ ಬಂದ್ರೆ ನಿಮ್ಮಂಥವರು ಬೈತೀರಲ್ಲ ಮೇಡಂ" ಎಂದರು. ಸಭೆ ಇನ್ನೂ ಜೋರಾಗಿ ನಕ್ಕಿತು. ಪಾರಿತೋಷಕ ಗೆದ್ದವಳನ್ನು ಒಂದೇ ವಾಕ್ಯದಲ್ಲಿ ಕೂರಿಸಿಬಿಟ್ಟಿದ್ದರು! ಅದಕ್ಕೆ ತಕ್ಕ ಉತ್ತರ ನನಗೆ ಹೊಳೆದದ್ದು ಊರಿನ ಬಸ್ಸಿನಲ್ಲಿ, ಆನಂದಪುರ ದಾಟಿದ ಮೇಲೆ. ಬಸ್ಸಿನಲ್ಲಿ ಹೊಳೆದ ಉತ್ತರಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಊರೆಂದರೆ ರಿಪ್ಪನ್‌ಪೇಟೆ. ಅಲ್ಲಿ ನನ್ನ ಚಿಕ್ಕಪ್ಪನದು ರೇಡಿಯೋ ರಿಪೇರಿ ಅಂಗಡಿ. ಹಿಂದಿನ ಬೇಸಿಗೆಯಲ್ಲಿ ಒಂದು ಹುಲ್ಲಿನ ಬಣವೆಗೆ ಬೆಂಕಿ ಹತ್ತಿ, ಪಕ್ಕದ ಕೊಟ್ಟಿಗೆಯೊಳಗೆ ದನ ಬಿಚ್ಚಲು ಹೋದವನನ್ನು ಹೊರಗಿನವರೆಲ್ಲ ಕೂಗಿ ಕರೆದದ್ದನ್ನು ಚಿಕ್ಕಪ್ಪ ಕಣ್ಣಾರೆ ನೋಡಿದ್ದ. ಆ ಮನುಷ್ಯ ಕೆಮ್ಮುತ್ತಾ ಹೊರಗೆ ಬಂದ, ದನವೂ ಬಂತು, ಆದರೆ ಚಿಕ್ಕಪ್ಪನ ತಲೆಯೊಳಗೆ ಹೊಕ್ಕ ಹೊಗೆ ಮಾತ್ರ ಹೊರಗೆ ಬರಲಿಲ್ಲ.

"ಒಳಗೆ ಹೋದವ ಎಲ್ಲಿದಾನೆ, ಹೆಂಗಿದಾನೆ, ಹೊರಗೆ ನಿಂತವರಿಗೆ ಗೊತ್ತಾಗ್ಬೇಕು ಕಣೆ. ಕೂಗಿ ಕೂಗಿ ಕರೆಯೋದೂ ಒಂದು ಪದ್ಧತಿನಾ?"

"ಒಳಗಿದ್ದವನೇ 'ಇಲ್ಲಿದೀನಿ' ಅಂದ್ರೆ ಆಗಲ್ವಾ ಚಿಕ್ಕಪ್ಪ?"

"ಹೊಗೆ ಕುಡಿದವ ಕೂಗ್ತಾನೇನೆ? ಎದೆ ಕೂಗ್ಬೇಕು, ಎದೆ!"

ಹಾಗೆ ಹುಟ್ಟಿದ್ದು ಸೋಪಿನ ಡಬ್ಬಿ. ಅದರೊಳಗೆ ಸೆಲ್ಲು, ತಾಮ್ರದ ತಂತಿಯ ಸುರುಳಿ, ಹಳೇ ರೇಡಿಯೋಗಳ ಕರುಳು. ಹೊರಗೆ ಒಂದು ಪಟ್ಟಿ, ಪಟ್ಟಿಗೆ ಹೊಲಿದ ಕಿವಿಗುಬ್ಬಿ, ಅಂದರೆ ಹಳೇ ಇಯರ್‌ಫೋನು. ಕಿವಿಗೆ ಇಡುವುದನ್ನು ಎದೆಗೆ ಕಟ್ಟಿದರೆ ಅದೇ ಮೈಕು. ಎದೆಬಡಿತ ಮೇಜಿನ ಮೇಲಿನ ರೇಡಿಯೋದಲ್ಲಿ ದಬ್ ದಬ್ ಎಂದು ಕೇಳುತ್ತಿತ್ತು. ರೇಡಿಯೋವನ್ನು ಮೆಲ್ಲನೆ ತಿರುಗಿಸುತ್ತಾ ಹೋದರೆ ಒಂದು ಕಡೆ ಸದ್ದು ಕುಗ್ಗುತ್ತಿತ್ತು. ಆಗ ರೇಡಿಯೋದ ತುದಿ ತೋರಿಸಿದ ದಿಕ್ಕಿನಲ್ಲೇ ಮನುಷ್ಯ ಇದ್ದಾನೆಂದು ಲೆಕ್ಕ. ಸ್ವಿಚ್ಚು ಗಿಚ್ಚು ಇಲ್ಲ. ಸೆಲ್ಲಿಗೂ ಸ್ಪ್ರಿಂಗಿಗೂ ನಡುವೆ ಅಡಿಕೆ ಹಾಳೆಯ ಒಂದು ಚೂರು, ನಾಲಿಗೆಯ ಹಾಗೆ ಹೊರಗೆ ಇಣುಕುತ್ತಿತ್ತು. ಅದನ್ನು ಎಳೆದರೆ ಡಬ್ಬಿಗೆ ಜೀವ.

ಅಗ್ನಿಶಾಮಕದವರು ಹೇಗೂ ಊರಲ್ಲಿ ಪ್ರದರ್ಶನ ಕೊಡುವವರಿದ್ದರು. ಚಿಕ್ಕಪ್ಪ ಅವರ ಬೆನ್ನು ಬಿದ್ದು ಒಪ್ಪಿಸಿದ. ಮುಚ್ಚಿಹೋದ ಅಕ್ಕಿ ಗಿರಣಿಯಲ್ಲಿ ಹಸಿ ಹುಲ್ಲು, ಅಡಿಕೆ ಸಿಪ್ಪೆ ಸುಟ್ಟು ಹೊಗೆ ಎಬ್ಬಿಸುವುದು; ಡಬ್ಬಿ ಕಟ್ಟಿಕೊಂಡ ಒಬ್ಬ ಒಳಗೆ ಹೋಗಿ, ಮನುಷ್ಯನ ಬದಲು ಇಟ್ಟ ಹುಲ್ಲಿನ ಮೂಟೆಯನ್ನು ಹೊತ್ತು ತರುವುದು; ಎದೆಬಡಿತವನ್ನು ಮೈಕ್‌ಸೆಟ್ಟಿನಲ್ಲಿ ಪೇಟೆಗೆಲ್ಲ ಕೇಳಿಸುವುದು.

ಅಂದು ಬೆಳಿಗ್ಗೆ ಚಿಕ್ಕಪ್ಪ ಅಂಥದ್ದೇ ಇನ್ನೊಂದು ಡಬ್ಬಿಯನ್ನು ನನ್ನ ಮೇಲೆ ಪರೀಕ್ಷೆ ಮಾಡಿದ. ಚಿಕ್ಕಮ್ಮ ಸೆರಗಿನೊಳಗೆ ಪಟ್ಟಿ ಕಟ್ಟಿ, ಹಾಳೆಯ ಚೂರು ಎಳೆದು ಬಿಸಾಡಿದಳು. ಅದನ್ನು ಕೋಳಿ ಎತ್ತಿಕೊಂಡು ಓಡಿತು. "ಅಯ್ಯೋ, ಆರಿಸೋದು ಹೆಂಗೆ?" ಎಂದೆ. "ಆಮೇಲೆ ಬೇರೆ ಚೂರು ಸಿಕ್ಕಿಸ್ತೀನಿ" ಎಂದು ಚಿಕ್ಕಪ್ಪ ಮೈಕಿನವನ ಹಿಂದೆ ಓಡಿದ. ಆ 'ಆಮೇಲೆ' ಬರಲೇ ಇಲ್ಲ.

ಡಬ್ಬಿ ಕಟ್ಟಿಕೊಂಡು ಒಳಗೆ ಹೋಗಲು ಬಂದವರು ಯಾರು? ಅವರೇ. ನನ್ನನ್ನು ಕಂಡು, "ಓ ಮೇಡಂ, ಇವತ್ತು ನಿಧಾನಕ್ಕೇ ಬಂದಿದೀವಿ" ಎಂದರು. ಬಸ್ಸಿನಲ್ಲಿ ಹೊಳೆದಿದ್ದ ಉತ್ತರ ಬಾಯಿಗೆ ಬರುವಷ್ಟರಲ್ಲಿ ಹೊಗೆಯೊಳಗೆ ಮಾಯವಾಗಿದ್ದರು. ನಾನು ಗಿರಣಿಯ ಹೊರಗೆ, ಎಡಮೂಲೆಗೆ ಹೋಗಿ ಗೋಡೆಗೆ ಒರಗಿದೆ.

ಮೈಕಿನಲ್ಲಿ ದಬ್, ದಬ್. ಚಿಕ್ಕಪ್ಪನ ಗಂಟಲು ಕ್ರಿಕೆಟ್ ಕಾಮೆಂಟರಿಯಾಯಿತು. "ಕೇಳಿ ಮಹಾಜನರೇ! ಎದೆ ಸಮ ಇದೆ. ಹುಡುಗ ಎಡಮೂಲೆಯಲ್ಲಿದಾನೆ!" ಹೊಗೆ ದಪ್ಪವಾಯಿತು. ಹೊತ್ತಾಯಿತು. ಅವರು ಬರಲಿಲ್ಲ. ದಬ್ ದಬ್ ಓಡತೊಡಗಿತು, ಆಮೇಲೆ ದೌಡಾಯಿಸಿತು. ಅಡಿಕೆ ಮಂಡಿಯವರು ತಕ್ಕಡಿ ಬಿಟ್ಟು ಬಂದರು. ಮಗನ ಕೆಲಸ ನೋಡಲೆಂದು ಬಂದಿದ್ದ ಅವರ ತಾಯಿ, "ಅಯ್ಯೋ ನನ್ನ ಮಗನ ಎದೆ ಒಡೆದೋಗ್ತದೆ, ಯಾರಾದ್ರೂ ಹೋಗ್ರೋ!" ಎಂದು ಕಿರುಚಿದರು. ಇನ್ನೊಬ್ಬ ಸಿಬ್ಬಂದಿ ಎಡಮೂಲೆಯ ಕಿಟಕಿ ಒಡೆಯಲು ಓಡಿ ಬಂದ.

ಅಷ್ಟರಲ್ಲಿ ಬಲಗಡೆಯ ಬಾಗಿಲಿಂದ, ಮೂಟೆ ಹೊತ್ತುಕೊಂಡು, ಸಂತೆಯಿಂದ ಮನೆಗೆ ಹೊರಟವರ ಹಾಗೆ ಅವರು ಬಂದರು.

ಜನ ಹೋ ಎಂದರು. "ರೇಡಿಯೋ ಸುಳ್ಳು ಹೇಳಲ್ಲ, ಹುಡುಗನೇ ತಪ್ಪು ಬಾಗಿಲಲ್ಲಿ ಬಂದ!" ಎಂದು ಚಿಕ್ಕಪ್ಪ ಮೈಕಿನಲ್ಲಿ ಕಿರುಚಿದ. ಅವರು ಮೂಟೆ ಇಳಿಸಿ, ಮಸಿ ಮೆತ್ತಿದ ಮುಖದಲ್ಲಿ ಹಲ್ಲು ಬಿಟ್ಟು, ನೇರ ನನ್ನ ಕಡೆ ನಡೆದು ಬಂದರು. ಆಗ ನೋಡಿ, ಮೈಕು ಚಂಡೆಯಾಗಿಬಿಟ್ಟಿತು! ಕಂಬದ ಮೇಲಿನ ಕಾಗೆಗಳೆಲ್ಲ ಎದ್ದವು. ಮಂಡಿಯ ಯಜಮಾನರೊಬ್ಬರು, "ಬೆಂಕಿ ಒಳಗಲ್ಲ ಮಾರಾಯ್ರೇ, ಹೊರಗಿದೆ!" ಎಂದರು.

ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನಡೆದದ್ದು ಇಲ್ಲಿಗೆ ನಿಲ್ಲಲಿಲ್ಲ. ಅವರ ತಾಯಿ ಹೆದರಿ ಡಾಕ್ಟರ ಕಾಂಪೌಂಡರನ್ನು ಎಳೆದು ತಂದರು. ಕಾಂಪೌಂಡರು ಕೈ ಹಿಡಿದು, ಕಣ್ಣು ಮುಚ್ಚಿ, "ನಾಡಿ ಸಮ ಇದೆಯಲ್ಲಮ್ಮ" ಎಂದರು. ಮೈಕಿನಲ್ಲಿ ಇನ್ನೂ ಚಂಡೆ. "ಕಾಂಪೌಂಡರ್‌ಗೆ ನಾಡಿ ಹಿಡಿಯೋಕೇ ಬರಲ್ಲ" ಎಂದು ಊರು ತೀರ್ಮಾನಿಸಿತು. ಪಾಪ, ಆಮೇಲೆ ಎಷ್ಟೋ ದಿನ ಜ್ವರದವರೂ ಅವರಿಗೆ ಕೈ ಕೊಡಲಿಲ್ಲ.

ಇವರು ಮಾತ್ರ ಬೆನ್ನು ತಿರುಗಿಸಿ ತಮ್ಮ ಡಬ್ಬಿ ತಾವೇ ಬಿಚ್ಚಿದರು, ಒಂದು ಕ್ಷಣ ಅದನ್ನೇ ನೋಡಿದರು, ಚಿಕ್ಕಪ್ಪನ ಕೈಗಿಟ್ಟರು. ಆ ಹೊತ್ತಿಗೆ ನನ್ನ ಮುಖ ನೋಡಿದ ಚಿಕ್ಕಮ್ಮ ನನ್ನನ್ನು ಮನೆಗೆ ಎಳೆದುಕೊಂಡು ಹೋದಳು, ಮೈಕಿನ ಚಂಡೆಯೂ ನಿಂತಿತು.

ಮದುವೆಯ ಮಾತು ಬಂದಾಗ ಅವರ ತಾಯಿ, "ಕಾಲೇಜಲ್ಲಿ ಮಗನ ಮರ್ಯಾದೆ ತೆಗೆದವಳು ಇವಳೇ ಅಲ್ವಾ? ಮಾತಿಗೆ ಮಾತು ಕೊಡೋ ಸೊಸೆ ನನಗೆ ಬೇಡ ಅಂತಿದ್ದೆ. ಅವನ ಎದೆಯೇ ಮೈಕಲ್ಲಿ ಸಾಕ್ಷಿ ಹೇಳಿದ ಮೇಲೆ ನಾನ್ಯಾರು?" ಎಂದರು. ನಾನು ಒಪ್ಪಿದ್ದೂ ಅದೇ ಸಾಕ್ಷಿಯ ಮೇಲೆ. ಸುಳ್ಳೇಕೆ, ಮದುವೆಯಾದ ಮೇಲೆ ಪ್ರತಿ ಜಗಳವನ್ನೂ ಅದರಿಂದಲೇ ಗೆದ್ದೆ. "ಮೊದಲು ಸೋತವರು ನೀವು, ಊರೇ ಕೇಳಿದೆ" ಎಂದರೆ ಅವರು ನಕ್ಕುಬಿಡುತ್ತಿದ್ದರು. ನನ್ನ ಸೆರಗಿನೊಳಗೂ ಒಂದು ಡಬ್ಬಿ ಇತ್ತೆಂಬುದು ಆಗಾಗ ಚುಚ್ಚುತ್ತಿತ್ತು. ಎರಡೂ ಡಬ್ಬಿ ಮಾತಾಡಿರಬೇಕು, ಗಟ್ಟಿ ಗಂಟಲಿನದು ಗೆದ್ದಿರಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮೊನ್ನೆ ತವರಿಗೆ ಹೋಗಿದ್ದೆ. ಅವರು ಕಟ್ಟಿಕೊಂಡಿದ್ದ ಡಬ್ಬಿಯನ್ನು ಚಿಕ್ಕಪ್ಪ ಅಂಗಡಿಯಲ್ಲಿ ದೇವರ ಪಟದ ಪಕ್ಕ ಇಟ್ಟು, ದಿನಾ ಒಂದು ದಾಸವಾಳ ಮುಡಿಸುತ್ತಾನೆ. "ಅವತ್ತಿಂದ ಮುಟ್ಟಿಲ್ಲ, ನೀನೂ ಮುಟ್ಟಬೇಡ" ಎಂದ. ಬೇಡ ಎಂದ ಮೇಲೆ ಮುಟ್ಟದಿರಲು ಆಗುತ್ತದೆಯೇ? ಹೂವು ಸರಿಸಿದೆ. ಅಡಿಕೆ ಹಾಳೆಯ ಚೂರು, ನಾಲಿಗೆ ಚಾಚಿಕೊಂಡು, ಇದ್ದಲ್ಲೇ ಇತ್ತು.

ಯಾರೂ ಎಳೆದಿರಲಿಲ್ಲ. ಆ ಡಬ್ಬಿ ಅವತ್ತಿಡೀ ಮೂಕ. ಎಡಮೂಲೆ ಎಂದ ರೇಡಿಯೋ ಸುಳ್ಳು ಹೇಳಿರಲಿಲ್ಲ, ಕಾಂಪೌಂಡರೂ ಸುಳ್ಳು ಹೇಳಿರಲಿಲ್ಲ. ಅಂಗಡಿಯ ಸ್ಟೂಲಿನ ಮೇಲೆ ಕೂತು ನಾನು ಎಷ್ಟು ನಕ್ಕೆನೆಂದರೆ, ಚಿಕ್ಕಪ್ಪ ನೀರು ತರಲು ಓಡಿದ.

ಈಗ ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಅವರು ಡ್ಯೂಟಿಯ ಬೂಟಿಗೆ ಪಾಲಿಶ್ ಹಚ್ಚುತ್ತಾ ಕೂತಿದ್ದಾರೆ. ಹಾಳೆಯ ಚೂರನ್ನು ಅವರ ಮುಂದಿಟ್ಟು, ಗೆದ್ದ ಜಗಳಗಳನ್ನೆಲ್ಲ ವಾಪಸು ಕೊಡಲು ತಯಾರಾಗಿಯೇ ಕೇಳಿದ್ದೇನೆ. ಬ್ರಶ್ಶು ನಿಂತಿದೆ.

"ರೀ, ಅವತ್ತು ಡಬ್ಬಿ ಬಿಚ್ಚಿದಾಗ ಇದನ್ನ ನೋಡಿದ್ರಿ ತಾನೇ? ಮೈಕಲ್ಲಿ ಹೊಡ್ಕೊಳ್ತಿದ್ದಿದ್ದು ಯಾರ ಎದೆ ಅಂತ ಗೊತ್ತಿದ್ದೂ, ಊರೆಲ್ಲ ನಿಮ್ಮನ್ನ ನೋಡಿ ನಗುವಾಗ ಸುಮ್ನೆ ನಿಂತಿದ್ರಾ?"