ಹಳ್ಳದ ಬದಿಯ ಆರು ಮರಗಳು

ಅಡಿಲೇಡಿನ ಉತ್ತರಕ್ಕಿರುವ ಸ್ಯಾಲಿಸ್‌ಬರಿಯ ಕನ್ನಡಿಗರಲ್ಲಿ ಕಾರಿನ ಡಿಕ್ಕಿಯಲ್ಲಿ ಮಣ್ಣು ಮೆತ್ತಿದ ಬೂಟುಗಳನ್ನು ಸದಾ ಇಟ್ಟುಕೊಂಡಿದ್ದವಳು ಹಂಸಾ ಒಬ್ಬಳೇ. ಭಾನುವಾರ ಉಳಿದ ಮನೆಗಳಲ್ಲಿ ದೋಸೆಯ ಹೆಂಚು ಕಾಯುವ ಹೊತ್ತಿಗೆ ಅವಳು ಒಂದು ಗಂಟೆ ಕಾರು ಓಡಿಸಿ ಗುಡ್ಡ ಸೇರಿಯಾಗಿರುತ್ತಿತ್ತು. ಅಲ್ಲಿರುವುದು ಹಾರ್ಡಿಂಗ್ ವುಡ್. ನೆಲ ಆಸ್ಟ್ರೇಲಿಯಾದ್ದು, ಮರಗಳು ಇಂಗ್ಲೆಂಡಿನವು. ನೂರಾ ಅರವತ್ತು ವರ್ಷಗಳ ಹಿಂದೆ ಥಾಮಸ್ ಹಾರ್ಡಿಂಗ್ ಎಂಬ ರೈತ ಒದ್ದೆ ಪಾಚಿಯಲ್ಲಿ ಸುತ್ತಿದ ಓಕ್ ಬೀಜಗಳನ್ನು ಹಡಗಿನಲ್ಲಿ ತಂದು, ತನ್ನ ಊರಿನ ಕಾಡನ್ನೇ ಇಲ್ಲಿ ಎಬ್ಬಿಸಿದ್ದ. ಇಲ್ಲಿನ ಶರತ್ಕಾಲವಾದ ಏಪ್ರಿಲ್ ಬಂತೆಂದರೆ ಸುತ್ತಲಿನ ನೀಲಗಿರಿ ಮರಗಳು ಎಂದಿನ ಬೂದುಹಸಿರಿನಲ್ಲೇ ನಿಂತಿರುತ್ತವೆ. ಈ ಒಂದು ತುಂಡು ಕಾಡು ಮಾತ್ರ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಓಕ್ ಕೊಂಬೆಯ ಮೇಲೆ ಕೂತ ಕೂಕಬರಾ ಹಕ್ಕಿಗಳು ಇದೆಲ್ಲ ಯಾರದೋ ತಮಾಷೆ ಎನ್ನುವಂತೆ ಗಹಗಹಿಸಿ ನಗುತ್ತವೆ.

ಮಗಳು ನಿಹಾರಿಕಾಳ ಶಾಲಾ ಪ್ರವಾಸಕ್ಕೆ ಜೊತೆಯಾಗಿ ಹೋದಾಗ ಹಂಸಾ ಈ ಕಾಡನ್ನು ಮೊದಲು ಕಂಡಳು. ಬೀಜ ತಂದ ರೈತನ ಕತೆ ಕೇಳಿ ಅವಳಿಗೆ ನಗು ಬಂದಿತ್ತು. 2010ರಲ್ಲಿ ಮೈಸೂರಿನಿಂದ ಬಂದಿಳಿದ ದಿನ ವಿಮಾನ ನಿಲ್ದಾಣದ ಅಧಿಕಾರಿಯೊಬ್ಬ ಅವಳ ಪೆಟ್ಟಿಗೆಯಿಂದ ಒಂದು ಕಿಲೋ ಅಂಟುವಾಳದ ಕಾಯಿಯನ್ನು ಹೊರತೆಗೆದು, ಕೈಗವಸು ತೊಟ್ಟು, ಬಾಂಬು ಸಿಕ್ಕಿತೋ ಎಂಬಂತೆ ಕಸದ ಡಬ್ಬಿಗೆ ಹಾಕಿದ್ದ. "ಒಂದು ಇಡೀ ಕಾಡನ್ನೇ ಹೊತ್ಕೊಂಡು ಬಂದೋನನ್ನ ಬಿಟ್ರು, ನನ್ನ ಒಂದು ಕಿಲೋ ಹಿಡಿದ್ಬಿಟ್ರು ನೋಡಿ," ಎಂದು ಅಂದು ಸಂಜೆ ಗಂಡ ರಮಾಕಾಂತನಿಗೆ ಹೇಳಿದ್ದಳು.

ಅಷ್ಟೊಂದು ಅಂಟುವಾಳ ಏಕೆ ತಂದಿದ್ದಳೆಂಬುದನ್ನು ಮಾತ್ರ ಅವಳು ಹೊರಗೆ ಯಾರಿಗೂ ಹೇಳಿರಲಿಲ್ಲ. ಮೈಸೂರಿನ ಅಗ್ರಹಾರದ ಓಣಿಯೊಂದರಲ್ಲಿ ಹದಿನೆಂಟು ವರ್ಷ ಅವಳು ಜನರ ರೇಷ್ಮೆ ಸೀರೆಗಳನ್ನು ಅಂಟುವಾಳದ ನೊರೆಯಲ್ಲಿ ತೊಳೆದು, ಹೊಳಪು ಕೊಟ್ಟು, ಮಡಿಸಿಕೊಡುವ ಅಂಗಡಿ ನಡೆಸಿದ್ದಳು. ಜರಿ ಕಪ್ಪಾದ ಸೀರೆಗಳು ಬೆಂಗಳೂರಿನಿಂದಲೂ ಅವಳನ್ನು ಹುಡುಕಿಕೊಂಡು ಬರುತ್ತಿದ್ದವು. ಆದರೆ ರಕ್ಷಣಾ ಕಾರ್ಖಾನೆಯ ಎಂಜಿನಿಯರುಗಳ ಹೆಂಡಂದಿರು, ಸಾಫ್ಟ್‌ವೇರಿನವರು ತುಂಬಿದ ಇಲ್ಲಿನ ಕನ್ನಡ ಸಂಘದ ಹಬ್ಬದ ಕೂಟದಲ್ಲಿ "ಊರಲ್ಲಿ ಏನ್ಮಾಡ್ತಿದ್ರಿ?" ಎಂದು ಯಾರೋ ಕೇಳಿದಾಗ ನಾಲಿಗೆ ತಾನಾಗಿ "ಟೆಕ್ಸ್‌ಟೈಲ್ ಬಿಸಿನೆಸ್" ಎಂದುಬಿಟ್ಟಿತ್ತು. ಒಮ್ಮೆ ಹೇಳಿದ್ದು ಹಾಗೆಯೇ ಉಳಿದುಕೊಂಡಿತು.

2014ರ ಆರಂಭದಲ್ಲಿ ಕಾಡಿನ ಗೆಳೆಯರ ಬಳಗವು ಸ್ವಯಂಸೇವಕ ಮಾರ್ಗದರ್ಶಿಗಳನ್ನು ಕರೆದಾಗ ಹಂಸಾ ಅರ್ಜಿ ಹಾಕಿದಳು. ಮಾರ್ಗದರ್ಶಿಗಳು ತೊಡುವ ಹಸಿರು ಬಿಲ್ಲೆಯ ಮೇಲೆ ತನ್ನ ಹೆಸರು ಇರುತ್ತದೆ, ರಮಾಕಾಂತನ ಹೆಂಡತಿ ಎಂದೋ ನಿಹಾರಿಕಾಳ ಅಮ್ಮ ಎಂದೋ ಇರುವುದಿಲ್ಲ. ಅದು ಅವಳಿಗೆ ಬೇಕಾಗಿತ್ತು. ಬಳಗದ ಹಿರಿಯಳು ಎಪ್ಪತ್ತೆಂಟರ ಡೊರೀನ್. ಅವಳು ಕೊಟ್ಟ ನಲವತ್ತು ಪುಟದ ಕೈಪಿಡಿಯನ್ನು ಹಂಸಾ ತನಗೆ ಗೊತ್ತಿದ್ದ ಒಂದೇ ವಿಧಾನದಲ್ಲಿ ಓದಿದಳು. ಬೆಳಗಿನ ಜಾವ ಎದ್ದು, ಮುಖ ತೊಳೆದು, ಹಿತ್ತಿಲಲ್ಲಿ ಅಡ್ಡಾಡುತ್ತಾ, ಮಗ್ಗಿಯ ಹಾಗೆ ಮೊದಲಿಂದ ಕೊನೆಯವರೆಗೆ ಬಾಯಿಪಾಠ ಮಾಡಿದಳು.

ಮಾರ್ಚ್‌ನ ಮೊದಲ ಪರೀಕ್ಷಾ ನಡಿಗೆಯಲ್ಲಿ ಅದೇ ಅವಳಿಗೆ ಮುಳುವಾಯಿತು. ನಾಲ್ಕನೆಯ ಓಕ್ ಮರದ ಬಳಿ ಒಂದು ಮಗು ಶೌಚಾಲಯ ಎಲ್ಲಿದೆ ಎಂದು ಕೇಳಿತು. ಹಂಸಾ ಕೈ ತೋರಿಸಿದಳು, ತಿರುಗಿದಳು, ಮುಂದಿನ ವಾಕ್ಯ ಮಾಯವಾಗಿತ್ತು. ನಡುವಿನಿಂದ ಹಿಡಿಯುವುದು ಅವಳಿಗೆ ಗೊತ್ತಿರಲಿಲ್ಲ. ಬೇರೆ ದಾರಿ ಕಾಣದೆ ಹಾರ್ಡಿಂಗ್ ಹಡಗು ಹತ್ತಿದಲ್ಲಿಂದ ಪುನಃ ಶುರುಮಾಡಿದಳು. ಒಂದೂವರೆ ಗಂಟೆಯ ನಡಿಗೆಯಲ್ಲಿ ಆ ರೈತ ಮೂರು ಸಲ ಹಡಗು ಹತ್ತಿದ.

"ಕಾಡು ನಿನಗೆ ಪೂರ್ತಿ ಗೊತ್ತಿದೆ, ಡಿಯರ್," ಎಂದಳು ಡೊರೀನ್, ಕೊನೆಯಲ್ಲಿ. "ಆದರೆ ನಿನ್ನಿಂದ ನಾನು ಕೇಳಿದ್ದು ನನ್ನದೇ ಕೈಪಿಡಿ. ಈಸ್ಟರ್ ಶನಿವಾರ ಇನ್ನೊಂದು ಅವಕಾಶ ಕೊಡುತ್ತೇನೆ. ಅದೂ ಆಗದಿದ್ದರೆ ಚಹಾ ಕೋಣೆಯಲ್ಲಿ ಕಪ್ಪು ತೊಳೆಯುವುದಕ್ಕೆ ಜನ ಬೇಕಾಗಿದ್ದಾರೆ, ಅಲ್ಲಿ ಸೇರಿಕೊಳ್ಳಬಹುದು."

ತೊಳೆಯುವ ಮಾತು ಕೇಳಿದ್ದೇ ಹಂಸಾಳ ಕಿವಿ ಬಿಸಿಯಾಯಿತು.

ಈಸ್ಟರ್‌ಗೆ ಪರ್ತ್‌ನ ಥಾರ್ನ್ಲಿಯಿಂದ ಗೆಳತಿ ಉಷಾ, ಅವಳ ಗಂಡ ಗುರುದತ್ ಬಂದಿಳಿದರು. ಇಬ್ಬರೂ ನಡಿಗೆಗೆ ಹೊರಟು ನಿಂತರು. ಕಾರಿನಲ್ಲಿ ಹಂಸಾ ತುಟಿ ಅಲುಗಿಸುತ್ತಲೇ ಇದ್ದಳು.

"ಅಮ್ಮಾ, ಯು ಸೌಂಡ್ ಲೈಕ್ ದ ಜಿಪಿಎಸ್," ಎಂದಳು ಹಿಂದಿನ ಸೀಟಿನಿಂದ ನಿಹಾರಿಕಾ.

"ಸುಮ್ನಿರೇ, ಈಗ ಮಾತಾಡಿಸಿದ್ರೆ ನಿಮ್ಮಮ್ಮ ಮತ್ತೆ ಹಡಗು ಹತ್ತಿಸ್ತಾಳೆ," ಎಂದ ರಮಾಕಾಂತ.

"ಚಿತ್ರಾನ್ನ ಎಷ್ಟೊತ್ತಿಗೆ ಅಂತ ಗೊತ್ತಾದ್ರೆ ನಾನೂ ಸುಮ್ನಿರ್ತೀನಿ," ಎಂದ ಗುರುದತ್.

ಕಾಡಿನ ಬಾಗಿಲಲ್ಲಿ ನೋಟುಪುಸ್ತಕ ಹಿಡಿದ ಡೊರೀನಳ ಜೊತೆ ಇನ್ನೂ ಐದಾರು ಜನ ಸ್ಥಳೀಯರು ಸೇರಿಕೊಂಡರು. ಹಂಸಾ ಮೊದಲು ಈ ಗುಡ್ಡಗಳ ಮೂಲನಿವಾಸಿಗಳಾದ ಪೆರಮಾಂಕ್ ಜನರನ್ನು ನೆನೆದು, ಬಳಿಕ ರೈತನನ್ನು ಹಡಗು ಹತ್ತಿಸಿದಳು. ಓಕ್ ಸಾಲು ದಾಟಿತು, ಎಲ್ಮ್ ಸಾಲು ದಾಟಿತು. ಕಾಕಟೂ ಗಿಳಿಗಳ ಹಿಂಡೊಂದು ಮೇಲಿನಿಂದ ಅರ್ಧ ತಿಂದ ಓಕ್ ಕಾಯಿಗಳನ್ನು ಎಸೆದರೂ ಅವಳು ನಿಲ್ಲಲಿಲ್ಲ. ಹಳ್ಳದ ಬದಿಗೆ ಬಂದಾಗ ಕೈಪಿಡಿಯ ಇಪ್ಪತ್ತೆರಡನೆಯ ಪುಟ ನಾಲಿಗೆಯ ಮೇಲಿತ್ತು: ಹಾರ್ಡಿಂಗ್ ತನ್ನ ದಿನಚರಿಯಲ್ಲಿ ಪ್ರತಿ ಮರದ ಉಪಯೋಗವನ್ನೂ ಬರೆದಿದ್ದಾನೆ, ಈ ಆರು ಹಾರ್ಸ್ ಚೆಸ್ಟ್‌ನಟ್ ಮರಗಳನ್ನು ಬಿಟ್ಟು, ಬಹುಶಃ ಇವನ್ನು ಅಂದಕ್ಕಾಗಿ ನೆಟ್ಟಿರಬೇಕು, ಪಕ್ಕದ ಕಲ್ಲಿನ ತೊಟ್ಟಿ ಕುದುರೆಗಳಿಗಾಗಿ...

"ಹಂಸಾ, ಇದನ್ನ ತಿನ್ನಬಹುದಾ?"

ಗುರುದತ್ ಆ ಮರದಿಂದ ಬಿದ್ದ ಕಾಯಿಯ ಮುಳ್ಳಿನ ಸಿಪ್ಪೆಯನ್ನು ಬೂಟಿನ ಹಿಮ್ಮಡಿಯಿಂದ ಒಡೆದು, ಒಳಗಿನ ಹೊಳೆಯುವ ಕಂದು ಬೀಜವನ್ನು ಜಜ್ಜಿ, ಬಾಯಿಯ ಹತ್ತಿರ ಹಿಡಿದಿದ್ದ.

"ಅಯ್ಯೋ, ವಿಷ ಕಣ್ರೀ!" ಹಂಸಾ ಹಾರಿ ಅವನ ಕೈಯಿಂದ ಬೀಜ ಕಿತ್ತುಕೊಂಡಳು.

"ಚಿತ್ರಾನ್ನಕ್ಕೆ ಕಾಯದೆ ವಿಷಕ್ಕೆ ಕೈ ಹಾಕಿದ್ರು ನೋಡು ನಮ್ಮೋರು," ಎಂದಳು ಉಷಾ.

ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಎಲ್ಲರೂ ಹಂಸಾಳತ್ತ ನೋಡಿದರು. ವಾಕ್ಯ ಹೋಗಿಬಿಟ್ಟಿತ್ತು. ನಿಹಾರಿಕಾ ಕಣ್ಣು ಮುಚ್ಚಿಕೊಂಡಳು. ಡೊರೀನ್ ಪೆನ್ಸಿಲನ್ನು ನೋಟುಪುಸ್ತಕದ ಮೇಲೆ ಅಡ್ಡಲಾಗಿ ಇಟ್ಟಳು. "1852ನೇ ಇಸವಿಯಲ್ಲಿ ಹಾರ್ಡಿಂಗ್ ಹಡಗು..." ಎಂದು ಹಂಸಾ ಬಾಯಿ ತೆರೆದವಳು ಅಲ್ಲೇ ನಿಂತಳು. ಜಜ್ಜಿದ ಬೀಜ ಅವಳ ಅಂಗೈಯ ಬೆವರಿಗೆ ಲೋಳೆಯಾಗಿತ್ತು. ಹೆಬ್ಬೆರಳು ತಾನಾಗಿ ಅದನ್ನು ತಿಕ್ಕಿತು. ಕಾಡಿನಿಂದ ಏನನ್ನೂ ಎತ್ತಕೂಡದೆಂಬ ನಿಯಮವನ್ನು ಪಾಲಿಸಿ, ಎರಡು ವರ್ಷ ಈ ಬೀಜಗಳನ್ನು ದಾಟಿಕೊಂಡೇ ಹೋಗಿದ್ದವಳು ಅವಳು. ಒಂದನ್ನೂ ಒಡೆದು ನೋಡಿರಲಿಲ್ಲ. ಈ ಜಾರುವಿಕೆಯಾದರೋ ಅವಳ ಬೆರಳುಗಳಿಗೆ ಹದಿನೆಂಟು ವರ್ಷದ ಪರಿಚಯ.

"ರೀ, ನಿಮ್ಮ ಬಿಸಿನೀರಿನ ಫ್ಲಾಸ್ಕ್ ಕೊಡಿ," ಎಂದಳು ಗಂಡನಿಗೆ, ಕನ್ನಡದಲ್ಲಿ.

"ಈಗಲಾ?"

"ಈಗಲೇ. ಉಷಾ, ತಿಂಡಿ ಚೀಲದ ಆ ಖಾಲಿ ಡಬ್ಬಿ ಕೊಡೇ."

ಬಿದ್ದಿದ್ದ ನಾಲ್ಕು ಬೀಜಗಳನ್ನು ಎತ್ತಿಕೊಳ್ಳಲು ಡೊರೀನಳ ಅನುಮತಿ ಕೇಳಿ, ತೊಟ್ಟಿಯ ಅಂಚಿನ ಮೇಲೆ ಕಲ್ಲಿನಿಂದ ಕುಟ್ಟಿ, ಡಬ್ಬಿಗೆ ಹಾಕಿ, ಬಿಸಿನೀರು ಸುರಿದು, ಮುಚ್ಚಿ ಕುಲುಕಿದಳು. ಮುಚ್ಚಳ ತೆಗೆದಾಗ ಬಿಳಿ ನೊರೆ ಉಕ್ಕಿ ಅವಳ ಮಣಿಕಟ್ಟಿನ ಮೇಲೆ ಇಳಿಯಿತು. ಬಂದವರಲ್ಲಿ ಒಬ್ಬಾಕೆ "ಗುಡ್‌ನೆಸ್!" ಎಂದಳು. ಹಂಸಾ ತನ್ನ ರೇಷ್ಮೆ ದುಪಟ್ಟಾದ ಮಣ್ಣಾದ ತುದಿಯನ್ನು ನೊರೆಯಲ್ಲಿ ಅದ್ದಿ, ತಿಕ್ಕದೆ, ಬರೀ ಒತ್ತಿ ಒತ್ತಿ ತೆಗೆದು ಹಳ್ಳದ ನೀರಿನಲ್ಲಿ ಜಾಲಾಡಿದಳು. ಮಣ್ಣು ಹೋಯಿತು, ಬಣ್ಣ ಹೋಗಲಿಲ್ಲ.

"ಇದು ನಿನಗೆ ಹೇಗೆ ಗೊತ್ತು?" ಎಂದಳು ಡೊರೀನ್.

ಪಕ್ಕದಲ್ಲಿ ಉಷಾ ನಿಂತಿದ್ದಳು, ಟೆಕ್ಸ್‌ಟೈಲ್ ಬಿಸಿನೆಸ್ಸಿನ ಮಾತನ್ನು ಥಾರ್ನ್ಲಿಯವರೆಗೂ ಒಯ್ದಿದ್ದ ಉಷಾ. ಹಂಸಾ ಒದ್ದೆ ತುದಿಯನ್ನು ಹಿಂಡಿದಳು.

"ನಾನು ಹದಿನೆಂಟು ವರ್ಷ ಜನರ ಸೀರೆ ತೊಳೆದಿದ್ದೇನೆ," ಎಂದಳು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ. "ನಮ್ಮೂರಿನಲ್ಲಿ ರೇಷ್ಮೆಗೆ ಸೋಪು ಹಾಕುವುದಿಲ್ಲ, ಇಂಥದೇ ಒಂದು ಕಾಯಿ ಹಾಕುತ್ತೇವೆ. ನಿಮ್ಮ ಕೈಪಿಡಿಯ ಒಂಬತ್ತನೆಯ ಪುಟದಲ್ಲಿ, ಮೊದಲ ಬೆಳೆ ಕೈಕೊಟ್ಟ ವರ್ಷ ಹಾರ್ಡಿಂಗ್‌ನ ಹೆಂಡತಿ ಎಲಿಜ಼ಾ ಊರವರ ಬಟ್ಟೆ ಒಗೆದು ಮನೆ ನಡೆಸಿದಳು ಅಂತಿದೆ. ಈ ತೊಟ್ಟಿ ನೋಡಿ, ಒಂದೇ ಬದಿ ಇಳಿಜಾರಾಗಿ ಸವೆದಿದೆ. ಕುದುರೆ ನೀರು ಕುಡಿದರೆ ಕಲ್ಲು ಹೀಗೆ ಸವೆಯುತ್ತದೆಯೇ? ಇದು ಬಟ್ಟೆ ಉಜ್ಜಿ ಸವೆದದ್ದು. ಈ ಆರು ಮರಗಳ ಉಪಯೋಗ ದಿನಚರಿಯಲ್ಲಿ ಇಲ್ಲದಿರುವುದಕ್ಕೆ ಕಾರಣ, ಇವನ್ನು ನೆಟ್ಟವನು ದಿನಚರಿ ಬರೆದವನಲ್ಲ. ಎಲಿಜ಼ಾ ನೆಟ್ಟಳು."

ಮೊದಲು ಉಷಾಳೇ ಬಾಯಿ ಬಿಟ್ಟಳು. "ಅಲ್ವೇ, ನನ್ನ ಮದ್ವೆ ಸೀರೆ ಜರಿ ಕಪ್ಪಾಗಿ ಐದು ವರ್ಷದಿಂದ ಪೆಟ್ಟಿಗೇಲಿ ಬಿದ್ದಿದೆ. ಇಲ್ಲಿ ಯಾರ ಕೈಗೂ ಕೊಡೋಕೆ ಧೈರ್ಯ ಇಲ್ಲ. ಒಂದು ಮಾತು ಮುಂಚೆ ಹೇಳ್ಬಾರ್ದಿತ್ತೇನೇ?"

"ಅದಕ್ಕೇ ಹೇಳಿರ್ಲಿಲ್ಲ," ಎಂದ ರಮಾಕಾಂತ. "ಇನ್ನು ಸಂಘದೋರೆಲ್ಲ ಪೆಟ್ಟಿಗೆ ಹೊತ್ಕೊಂಡು ಬಂದ್ಬಿಡ್ತಾರೆ."

ಡೊರೀನ್ ತೊಟ್ಟಿಯ ಸವೆದ ಬದಿಯ ಮೇಲೆ ಅಂಗೈ ಇಟ್ಟು, ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಸವರಿದಳು. ನಲವತ್ತು ವರ್ಷದಿಂದ ಅವಳು ಇದರ ಪಕ್ಕದಲ್ಲಿ ನಿಂತು ಜನರಿಗೆ ಕುದುರೆಗಳ ವಿಷಯ ಹೇಳಿದ್ದಳು.

"ಇದಕ್ಕೆ ಪುರಾವೆ ಇಲ್ಲ," ಎಂದಳು ಕೊನೆಗೆ.

"ಇಲ್ಲ," ಎಂದು ಹಂಸಾ ಒಪ್ಪಿದಳು.

"ಹಾಗಿದ್ದರೆ 'ಇರಬಹುದು' ಎಂದು ಸೇರಿಸಿ ಹೇಳಬೇಕು. ಪ್ರತಿ ಸಲವೂ. ಆ ಪದ ಬಿಟ್ಟುಹೋಯಿತೋ, ನೇರ ಚಹಾ ಕೋಣೆಗೆ." ಡೊರೀನ್ ತನ್ನ ಕೋಟಿನ ಜೇಬಿನಿಂದ ಹಸಿರು ಬಿಲ್ಲೆಯನ್ನು ತೆಗೆದಳು. ಹೆಸರನ್ನು ಆಗಲೇ ಅಚ್ಚು ಹಾಕಿಸಿದ್ದಳು. ಬಿಲ್ಲೆಯನ್ನು ಹಂಸಾಳ ದುಪಟ್ಟಾಕ್ಕೆ ಸಿಕ್ಕಿಸಿ, ಹಿಂದೆ ಸರಿದು ನೋಡಿ, ಡಬ್ಬಿಯ ಕಡೆ ಬೆರಳು ತೋರಿಸಿದಳು. "ಅದನ್ನು ಚೆಲ್ಲಬೇಡ. ನನ್ನ ಹತ್ತಿರ ಒಂದು ಹಳೆಯ ಉಣ್ಣೆಯ ಕಂಬಳಿ ಇದೆ."

ಮುಂದಿನ ಭಾನುವಾರ ಹಂಸಾ ತನ್ನ ಮೊದಲ ಗುಂಪನ್ನು ಓಕ್ ಮರಗಳ ಕಡೆ ಕರೆದೊಯ್ಯದೆ, ನೇರವಾಗಿ ಹಳ್ಳದ ಬದಿಗೆ ಇಳಿಸಿದಳು. ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್ ಇತ್ತು. ಅವಳು ಮಾತು ಶುರುಮಾಡುವ ಮೊದಲೇ ಒಂದು ಮಗು ಶೌಚಾಲಯ ಎಲ್ಲಿದೆ ಎಂದು ಕೇಳಿತು. ಹಂಸಾ ದಾರಿ ತೋರಿಸಿದಳು. "ನಿಧಾನವಾಗಿ ಬಾ, ಕಾಯ್ತೀವಿ," ಎಂದು ಹೇಳಿ, ಮಗು ಬರುವವರೆಗೆ ತೊಟ್ಟಿಯ ಅಂಚಿನ ಮೇಲೆ ಕೂತು ಬೀಜ ಕುಟ್ಟತೊಡಗಿದಳು.